ದುರ್ಯೋಧನನ ಛಲ: ತರಗತಿ ಎರಡು ಪಾಲಾದಾಗ

ಹುನಗುಂದ ತಾಲ್ಲೂಕಿನ ಪ್ರೌಢಶಾಲೆಯೊಂದರ 10ನೆಯ ತರಗತಿಯಲ್ಲಿ ಅಭ್ಯಾಸ ಬೋಧನೆಗೆ ನಾನು ‘ಛಲಮನೆ ಮೆರೆವೆಂ’ ಪಾಠವನ್ನು ಆರಿಸಿಕೊಂಡೆ. ಕವಿ ರನ್ನ ನಮ್ಮ ಜಿಲ್ಲೆಯ ಮುಧೋಳದವನು. ಅವನ ‘ಗದಾಯುದ್ಧ’ಕ್ಕೆ ‘ಸಾಹಸಭೀಮವಿಜಯ’ ಎಂಬ ಹೆಸರೂ ಇದೆ. ಆಶ್ರಯದಾತ ಸತ್ಯಾಶ್ರಯನನ್ನು ಕವಿ ಭೀಮನೊಂದಿಗೆ ಸಮೀಕರಿಸಿದ್ದಾನೆ. ಆದರೂ ಓದುಗರ ಮನಸ್ಸು ದುರ್ಯೋಧನನ ಕಡೆ ವಾಲುತ್ತದೆ.

ಭೀಷ್ಮರು ಸಂಧಿ ಮಾಡಿಕೊ ಎಂದರೂ ಅವನು ಒಪ್ಪುವುದಿಲ್ಲ. ಅರ್ಧ ತರಗತಿ ‘ಹಟಮಾರಿ’ ಎಂದಿತು, ಉಳಿದರ್ಧ ‘ವೀರ’ ಎಂದಿತು. “ಇವನಿಂದ ಭೀಮನ ಕಥಿನೇ ಕೆಟ್ಟಂಗ ಆತಲ್ರಿ, ಸರ್?” ಎಂದಳು ಒಬ್ಬಳು. ಜಪಾನಿನ ‘ನರುಟೊ’ ಮಾಂಗಾದ ಸಾಸುಕೆಯ ಬಗ್ಗೆಯೂ ಓದುವವರು ಹೀಗೇ ಜಗಳಾಡುತ್ತಾರೆ ಎಂದ ಇನ್ನೊಬ್ಬ.

ನಾನು ತೀರ್ಪು ಕೊಡಲಿಲ್ಲ. ಕಪ್ಪುಹಲಗೆಯ ಮೇಲೆ ಎರಡು ಪ್ರಶ್ನೆ ಬರೆದೆ: ಈ ಪಾತ್ರ ನಮಗೆ ಸಿಟ್ಟು ತರಿಸುತ್ತದೆಯೇ? ಕಾರಣವಿಲ್ಲದೆ ಬದಲಾಗುತ್ತದೆಯೇ? ಆಮೇಲೆ, ರಣರಂಗದಲ್ಲಿ ಅವನು ಸತ್ತ ಅಭಿಮನ್ಯುವಿನ ಸಾಹಸವನ್ನು ಹೊಗಳಿ, ಅಂಥ ಮರಣ ತನಗೂ ಬರಲಿ ಎನ್ನುವ ಸಂದರ್ಭವನ್ನು ವಿವರಿಸಿದೆ. ಕೊಂದವರ ಒಡೆಯನೇ ಹೊಗಳುವುದೇ ಎಂದು ಮಕ್ಕಳು ಕೆರಳಿದರು. ಚರ್ಚೆ ಮುಂದುವರಿದಂತೆ, ಅವನ ಛಲಕ್ಕೂ ಈ ಮೆಚ್ಚುಗೆಗೂ ಬೇರು ಒಂದೇ, ಶೌರ್ಯದ ಮೇಲಿನ ಗೌರವ ಎಂದು ತಾವೇ ಕಂಡುಕೊಂಡರು.

ಮೊದಲ ಪ್ರಶ್ನೆಗೆ ಎಲ್ಲರ ಉತ್ತರ ಒಂದೇ ಆಗಬೇಕಿಲ್ಲ. ಕೃತಿ ಸಡಿಲವಾಯಿತೇ ಎಂಬುದನ್ನು ಎರಡನೆಯ ಪ್ರಶ್ನೆ ತೋರಿಸುತ್ತದೆ. ತರಗತಿ ಎರಡು ಪಾಲಾದಾಗ ಪ್ರಶಿಕ್ಷಣಾರ್ಥಿಗಳು ಕೈ ಎಣಿಸುವುದನ್ನು ಬಿಟ್ಟು ಪದ್ಯದಿಂದ ಆಧಾರ ಕೇಳಲಿ.