ಮನೆಯವರ ಜೊತೆ ಮೊದಲ ಹಡಗು ಪ್ರವಾಸ: ಪ್ಲಾನ್ ಮಾಡೋದು ಹೇಗೆ?

ಗೋಕರ್ಣಕ್ಕೋ ಚಿಕ್ಕಮಗಳೂರಿಗೋ ಗೆಳೆಯರ ಜೊತೆ ಹೋಗೋದಾದ್ರೆ ನಮಗೆ ಪ್ಲಾನೇ ಬೇಡ. ರಾತ್ರಿ ಹನ್ನೊಂದಕ್ಕೆ ಮೆಸೇಜ್, ಬೆಳಿಗ್ಗೆ ಐದಕ್ಕೆ ಬಸ್. ಆದ್ರೆ ಮನೆಯವರು "ಈ ಸಲ ಕ್ರೂಸ್‌ಗೆ ಹೋಗೋಣ, ನೀನೇ ನೋಡಪ್ಪ, ಇಂಜಿನಿಯರಿಂಗ್ ಓದ್ತಿದ್ದೀಯಲ್ಲ" ಅಂದ್ರೆ ಕಥೆ ಬೇರೆ. ದುಡ್ಡು ಅಪ್ಪ-ಅಮ್ಮನದು, ಒಮ್ಮೆ ಕಟ್ಟಿದರೆ ಪೂರ್ತಿ ವಾಪಸ್ ಬರೋದು ಕಷ್ಟ, ಹಡಗು ಯಾರಿಗೂ ಕಾಯೋದಿಲ್ಲ. ಅದಕ್ಕೇ ಈ ಪಾಠವನ್ನು ಒಂದು ಲೆಕ್ಕದ ಹಾಗೆ ಬಿಡಿಸೋಣ.

ದತ್ತ

ದಾವಣಗೆರೆಯ ಒಂದು ಕುಟುಂಬ ಅಂದುಕೊಳ್ಳೋಣ. ಅಪ್ಪ-ಅಮ್ಮ ಐವತ್ತು ದಾಟಿದವರು, ಅಪ್ಪನಿಗೆ ಬಿಪಿ ಮಾತ್ರೆ. ಅಕ್ಕನಿಗೆ 23, ಬೆಂಗಳೂರಲ್ಲಿ ಕೆಲಸ. ನಮ್ಮ ವಿದ್ಯಾರ್ಥಿಗೆ 20, ಮೂರನೇ ವರ್ಷ. ತಂಗಿಗೆ 17, ದ್ವಿತೀಯ ಪಿಯುಸಿ. ಐದು ಜನ, ಯಾರೂ ಹಡಗು ಹತ್ತಿದವರಲ್ಲ. ಮುಂದಿನ ವರ್ಷ ಪ್ಲೇಸ್‌ಮೆಂಟ್ ಆದ್ರೆ ಅಣ್ಣ ಒಂದು ಊರು, ತಂಗಿ ಇನ್ನೊಂದು ಊರಿನ ಹಾಸ್ಟೆಲ್. ಐವರೂ ಒಟ್ಟಿಗೆ ಹೋಗೋ ಪ್ರವಾಸ ಮತ್ತೆ ಯಾವಾಗ ಬರುತ್ತೋ ಗೊತ್ತಿಲ್ಲ.

ಹಂತ 1: ದಿನಾಂಕ

ಇದು ಸೆಟ್ ಥಿಯರಿ. ಎಲ್ಲರ ಬಿಡುವಿನ ದಿನಗಳ ಛೇದನ ಹುಡುಕಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಮುಂಗಾರು, ಅರಬ್ಬೀ ಸಮುದ್ರ ಒರಟು. ಅದನ್ನು ಬಿಡಿ. ಜನವರಿ-ಫೆಬ್ರವರಿಯಲ್ಲಿ ಸಮುದ್ರ ಶಾಂತ, ನಮಗೂ ಸೆಮಿಸ್ಟರ್ ರಜೆ ಸಿಗಬಹುದು, ಆದ್ರೆ ತಂಗಿಯ ಬೋರ್ಡ್ ಪರೀಕ್ಷೆ ತಲೆ ಮೇಲೆ. ಆಮೇಲೆ ಸಿಇಟಿ, ನೀಟ್. ಉಳಿಯೋದು ಅಕ್ಟೋಬರ್‌ನ ದಸರಾ ರಜೆ. ಅಕ್ಕನಿಗೂ ಹಬ್ಬದ ರಜೆ ಜೊತೆ ಒಂದು ದಿನ ಸೇರಿಸಿದ್ರೆ ಸಾಕು. ದಸರಾದಲ್ಲಿ ದರ ಹೆಚ್ಚಿರುತ್ತೆ, ಅದು ಈ ಉತ್ತರಕ್ಕೆ ಕೊಡಬೇಕಾದ ಬೆಲೆ. ಇಂಟರ್ನಲ್ಸ್ ವೇಳಾಪಟ್ಟಿ ಬರೋ ಮುಂಚೆ ಮಾತ್ರ ದುಡ್ಡು ಕಟ್ಟಬೇಡಿ.

ಹಂತ 2: ದಾರಿ

ಮೊದಲ ಸಲಕ್ಕೆ ಎರಡು-ಮೂರು ರಾತ್ರಿ ಸಾಕು. ಸಮುದ್ರ ಮೈಗೆ ಹಿಡಿಸುತ್ತೋ ಇಲ್ವೋ ಅಂತ ಅಷ್ಟರಲ್ಲೇ ಗೊತ್ತಾಗುತ್ತೆ. ಮುಂಬಯಿಂದ ಗೋವಾ ಸಮುದ್ರದಲ್ಲಿ ಸುಮಾರು 400 ಕಿ.ಮೀ. ಒಂದು ನಾಟ್ ಅಂದ್ರೆ ಗಂಟೆಗೆ 1.852 ಕಿ.ಮೀ. ಹಡಗು 18 ನಾಟ್‌ನಲ್ಲಿ ಹೋದರೆ ಗಂಟೆಗೆ ಸುಮಾರು 33 ಕಿ.ಮೀ., ಅಂದ್ರೆ ಒಂದು ರಾತ್ರಿಯ ದಾರಿ.

ಲಕ್ಷದ್ವೀಪ ಇನ್ನೂ ಚೆಂದ. ಆದ್ರೆ ಅಲ್ಲಿ ದೊಡ್ಡ ಹಡಗು ಹವಳದ ದಿಬ್ಬದ ಹೊರಗೇ ಲಂಗರು ಹಾಕುತ್ತೆ, ದ್ವೀಪಕ್ಕೆ ಸಣ್ಣ ದೋಣಿಯಲ್ಲಿ ಹೋಗಬೇಕು. ಅಲೆ ಜಾಸ್ತಿ ಇದ್ರೆ ಇಳಿಯೋದು ರದ್ದಾಗಬಹುದು. ಅಮ್ಮನಿಗೆ ಮಂಡಿನೋವಿದ್ರೆ ದೋಣಿ ಹತ್ತಿ ಇಳಿಯೋದನ್ನೂ ಯೋಚಿಸಿ. ಲಕ್ಷದ್ವೀಪಕ್ಕೆ ನಮ್ಮವರಿಗೂ ಪ್ರವೇಶ ಪರವಾನಗಿ ಬೇಕು. ಟಿಕೆಟ್ ಮಾಡುವಾಗಲೇ ಅದನ್ನು ಯಾರು ಮಾಡಿಸಿಕೊಡ್ತಾರೆ ಅಂತ ಕೇಳಿ.

ಸಿಂಗಾಪುರದಿಂದ ಹೊರಡೋ ಹಡಗಾದ್ರೆ ಪಾಸ್‌ಪೋರ್ಟೇ ಕ್ರಿಟಿಕಲ್ ಪಾತ್. ಚಿಕ್ಕ ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷಕ್ಕೆ ಮುಗಿಯುತ್ತೆ. ತಂಗಿಯದು ಯಾವಾಗ ಮಾಡಿಸಿದ್ದು ಅಂತ ಮೊದಲು ನೋಡಿ. ಪ್ರವಾಸದ ದಿನದಿಂದ ಆರು ತಿಂಗಳಾದರೂ ಅವಧಿ ಉಳಿದಿರಲಿ.

ಹಂತ 3: ಕೋಣೆ

ಇಲ್ಲಿ ನಮ್ಮ ಫಿಸಿಕ್ಸ್ ಕೆಲಸಕ್ಕೆ ಬರುತ್ತೆ. ಹಡಗಿನ ಮೂತಿ ಮೇಲೆ-ಕೆಳಗೆ ತೂಗೋದು ಪಿಚ್, ಅಕ್ಕಪಕ್ಕ ವಾಲೋದು ರೋಲ್. 210 ಮೀಟರ್ ಉದ್ದದ ಹಡಗು ಬರೀ 1 ಡಿಗ್ರಿ ಪಿಚ್ ಆಯ್ತು ಅನ್ನಿ. ನಡುಭಾಗದಿಂದ 100 ಮೀಟರ್ ದೂರದ ಕೋಣೆ 100 × sin 1°, ಅಂದ್ರೆ ಸುಮಾರು 1.75 ಮೀಟರ್ ಮೇಲೇಳುತ್ತೆ, ಅಷ್ಟೇ ಕೆಳಗಿಳಿಯುತ್ತೆ. ನಡುವಿನ ಕೋಣೆಗೆ ಇದು ಹತ್ತಿರಹತ್ತಿರ ಸೊನ್ನೆ. ರೋಲ್ ಕೂಡ ಹಾಗೇ: ವಾಲುವ ಅಕ್ಷದಿಂದ 20 ಮೀಟರ್ ಎತ್ತರದಲ್ಲಿದ್ದು 2 ಡಿಗ್ರಿ ವಾಲಿದರೆ ಅಕ್ಕಪಕ್ಕ 0.7 ಮೀಟರ್. ಹಾಗಾಗಿ ತಲೆಸುತ್ತು ಬರೋರಿಗೆ ಕೆಳಗಿನ ಅಂತಸ್ತು, ಹಡಗಿನ ನಡುಭಾಗ. ಮೇಲಿನ ತುದಿಯ ಬಾಲ್ಕನಿ ಫೋಟೋಗೆ ಚೆಂದ, ಹೊಟ್ಟೆಗಲ್ಲ.

ಹಡಗು ಎಷ್ಟು ಕಿಕ್ಕಿರಿದಿರುತ್ತೆ ಅಂತ ತಿಳಿಯೋಕೂ ಒಂದು ಲೆಕ್ಕ ಇದೆ. ಗ್ರಾಸ್ ಟನ್ನೇಜ್ ಅನ್ನೋದು ತೂಕ ಅಲ್ಲ, ಹಡಗಿನ ಒಳಜಾಗದ ಅಳತೆ. ಅದನ್ನು ಕೋಣೆಗೆ ಇಬ್ಬರಂತೆ ಬರೋ ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿ. ಮುಂಬಯಿಂದ 2021ರಲ್ಲಿ ಓಡಾಟ ಶುರುಮಾಡಿದ ಕಾರ್ಡೆಲಿಯಾದ ಎಂಪ್ರೆಸ್ 1990ರಲ್ಲಿ ಫ್ರಾನ್ಸ್‌ನಲ್ಲಿ ಕಟ್ಟಿದ್ದು. ಸುಮಾರು 48,500 ಟನ್ನೇಜ್, 1,600 ಜನ, ಭಾಗಲಬ್ಧ 30. 2024ರಲ್ಲಿ ಓಡಾಟ ಶುರುಮಾಡಿದ ಐಕಾನ್ ಆಫ್ ದಿ ಸೀಸ್‌ಗೆ ಸುಮಾರು 2,48,600 ಟನ್ನೇಜ್, 5,610 ಜನ, ಭಾಗಲಬ್ಧ 44. ಸಂಖ್ಯೆ ದೊಡ್ಡದಾದಷ್ಟೂ ತಲೆಗೆ ಸಿಗೋ ಜಾಗ ಜಾಸ್ತಿ.

ಐದು ಜನಕ್ಕೆ ಎರಡು ಕೋಣೆ ಬೇಕೇ ಬೇಕು. ಒಂದು ಅಪ್ಪ-ಅಮ್ಮನಿಗೆ, ಒಂದು ಮಕ್ಕಳಿಗೆ, ಎರಡೂ ಎದುರುಬದುರು ಅಥವಾ ಅಕ್ಕಪಕ್ಕ. ದೊಡ್ಡವರಿಲ್ಲದೆ ಕೋಣೆ ತಗೊಳ್ಳೋಕೆ ಕೆಲವು ಕಂಪನಿಗಳು 18 ಅಂದ್ರೆ ಕೆಲವು 21 ಕೇಳ್ತವೆ. ಅಕ್ಕನಿಗೆ 23 ಆಗಿರೋದು ಇಲ್ಲಿ ಅನುಕೂಲ. ಆದರೂ ಬರಹದಲ್ಲಿ ಕೇಳಿ ಖಚಿತ ಮಾಡ್ಕೊಳ್ಳಿ.

ಹಂತ 4: ಖರ್ಚು

ಜಾಹೀರಾತಲ್ಲಿ ಕಾಣೋ ದರ ಸಮೀಕರಣದ ಒಂದು ಪದ ಅಷ್ಟೇ. ಪೂರ್ತಿ ಸಮೀಕರಣ ಇದು: ಟಿಕೆಟ್ + ಬಂದರು ಶುಲ್ಕ + ಜಿಎಸ್‌ಟಿ + ಸಿಬ್ಬಂದಿಯ ಟಿಪ್ಸ್ + ದಡದ ಸುತ್ತಾಟ + ಇಂಟರ್ನೆಟ್ + ಪಾನೀಯ + ಊರಿಂದ ಬಂದರಿಗೆ ಹೋಗಿಬರೋ ಖರ್ಚು. ದರದ ಪಕ್ಕ "ಪ್ರತಿಯೊಬ್ಬರಿಗೆ" ಅಂತ ಇದೆಯೋ, "ಕೋಣೆಗೆ" ಅಂತ ಇದೆಯೋ ನೋಡಿ. ಊಟ ಸಾಮಾನ್ಯವಾಗಿ ಟಿಕೆಟ್‌ನಲ್ಲೇ ಸೇರಿರುತ್ತೆ, ಸ್ಪೆಷಲ್ ರೆಸ್ಟೋರೆಂಟ್ ಸೇರಿರಲ್ಲ. ಅಮ್ಮ ಸಸ್ಯಾಹಾರಿಯಾದ್ರೆ ಬುಕ್ ಮಾಡುವಾಗಲೇ ಹೇಳಿ. ಇಷ್ಟನ್ನೂ ಒಂದು ಶೀಟಲ್ಲಿ ಹಾಕಿ ಅಪ್ಪನಿಗೆ ಮೊದಲೇ ತೋರಿಸಿ. ಹಡಗಲ್ಲಿ ಕೈಕಾಸು ಓಡಲ್ಲ, ಎಲ್ಲ ಕಾರ್ಡಿನ ಲೆಕ್ಕಕ್ಕೆ ಹೋಗುತ್ತೆ. ಕೊನೇ ದಿನ ಬಿಲ್ ನೋಡಿ ಮನೆಯಲ್ಲಿ ಮೌನ ಆವರಿಸೋದು ಯಾರಿಗೂ ಬೇಡ.

ಹಂತ 5: ಒಪ್ಪಂದ

ಇದು ಯಾವ ಬ್ರೋಷರಲ್ಲೂ ಇರಲ್ಲ, ಆದ್ರೆ ಪ್ರವಾಸ ಕೆಡೋದು ಇಲ್ಲೇ. ಅಮ್ಮನ ಮನಸ್ಸಲ್ಲಿ ಎಲ್ಲರೂ ಮೂರು ಹೊತ್ತೂ ಒಟ್ಟಿಗೆ ಇರಬೇಕು. ಮಕ್ಕಳ ಮನಸ್ಸಲ್ಲಿ ರಾತ್ರಿ ಒಂದರ ತನಕ ಡೆಕ್ ಮೇಲೆ ಇರಬೇಕು. ಎರಡೂ ತಪ್ಪಲ್ಲ. ಹೊರಡೋ ಮುಂಚೆ ಮನೆಯಲ್ಲೇ ಕೂತು ಮಾತಾಡಿ.

ನಮ್ಮ ಸಲಹೆ: ರಾತ್ರಿ ಊಟ ಮತ್ತು ದಡದಲ್ಲಿ ಇಳಿಯೋ ದಿನ ಕಡ್ಡಾಯ ಹಾಜರಿ. ಉಳಿದ ಹೊತ್ತು ಅವರವರ ಇಷ್ಟ. ತಂಗಿ ಮಲಗೋಕೆ ಬರೋ ಸಮಯ ಗೊತ್ತಾಗಿರಲಿ, ಅದನ್ನು ಅವಳನ್ನೂ ಕೂರಿಸಿಕೊಂಡೇ ನಿರ್ಧರಿಸಿ. ಕುಡಿತದ ವಿಷಯ ಅಪ್ಪನ ಎದುರು ಎತ್ತೋಕೆ ಮುಜುಗರ ಆಗುತ್ತೆ, ನಿಜ. ಆದ್ರೆ ಹಡಗಲ್ಲಿ ಬಾರ್ ಎಲ್ಲ ಕಡೆ ಇರುತ್ತೆ, ವಯಸ್ಸಿನ ನಿಯಮವೂ ಇರುತ್ತೆ. ಅಕ್ಕನ ಕಾರ್ಡಲ್ಲಿ ತಮ್ಮ ಕೊಳ್ಳೋ ಆಟ ಬೇಡ.

ಇನ್ನೊಂದು ವಿಷಯ: ನಡುಸಮುದ್ರದಲ್ಲಿ ಫೋನ್ ಹಡಗಿನ ಉಪಗ್ರಹ ನೆಟ್‌ವರ್ಕ್ ಹಿಡಿದ್ರೆ ರೋಮಿಂಗ್ ಬಿಲ್ ಜೋರು. ಹತ್ತಿದ ಕೂಡಲೇ ಎಲ್ಲರ ಫೋನೂ ಏರೋಪ್ಲೇನ್ ಮೋಡ್. ಮತ್ತೆ ಒಬ್ಬರಿಗೊಬ್ಬರು ಸಿಗೋದು ಹೇಗೆ? ಮೊಬೈಲ್ ಇಲ್ಲದ ಕಾಲದಲ್ಲಿ ಜಾತ್ರೆಯಲ್ಲಿ ಮಾಡ್ತಿದ್ದ ಹಾಗೆ: "ಏಳೂವರೆಗೆ, ಆ ಮೆಟ್ಟಿಲ ಹತ್ತಿರ." ಸಮಯ ಒಂದು, ಜಾಗ ಒಂದು.

ಹಂತ 6: ಸುರಕ್ಷತೆ

2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೋ ದ್ವೀಪದ ಬಳಿ ಕೋಸ್ಟಾ ಕಾಂಕೋರ್ಡಿಯಾ ಬಂಡೆಗೆ ಬಡಿದು ವಾಲಿತು. 32 ಜನ ಸತ್ತರು. ಅಂದು ಸಂಜೆಯಷ್ಟೇ ಹತ್ತಿದ್ದ ನೂರಾರು ಜನರಿಗೆ ಮಸ್ಟರ್ ಡ್ರಿಲ್ ಆಗಿರಲಿಲ್ಲ, ಯಾಕಂದ್ರೆ 24 ಗಂಟೆಯೊಳಗೆ ಮಾಡಿದರೆ ಸಾಕು ಅನ್ನೋದು ಆಗಿನ ನಿಯಮ. 2015ರಿಂದ ನಿಯಮ ಬದಲಾಗಿದೆ: ಹಡಗು ಹೊರಡೋ ಮುಂಚೆ ಅಥವಾ ಹೊರಟ ಕೂಡಲೇ ಡ್ರಿಲ್ ಆಗಲೇಬೇಕು. ಅದನ್ನು ತಪ್ಪಿಸಿ ಈಜುಕೊಳಕ್ಕೆ ಓಡಬೇಡಿ. ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದವಾಗಿ ಸೀಟಿ ಕೇಳಿದ್ರೆ ತುರ್ತು ಅಂತ ಅರ್ಥ. ಆಗ ಯಾರೂ ಯಾರನ್ನೂ ಹುಡುಕುತ್ತಾ ಅಲೆಯೋದಲ್ಲ, ಎಲ್ಲರೂ ನೇರ ಮಸ್ಟರ್ ಸ್ಟೇಷನ್‌ಗೆ. ಇದನ್ನು ಅಮ್ಮನಿಗೆ ಎರಡು ಸಲ ಹೇಳಿ, ಮಕ್ಕಳನ್ನು ಬಿಟ್ಟು ಹೋಗೋಕೆ ಅವರಿಗೆ ಮನಸ್ಸು ಬರಲ್ಲ.

ಬಿಪಿ ಮಾತ್ರೆ, ಗುರುತಿನ ಚೀಟಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ದೊಡ್ಡ ಪೆಟ್ಟಿಗೆ ಕೋಣೆಗೆ ಬರೋಕೆ ಗಂಟೆಗಟ್ಟಲೆ ಆಗಬಹುದು. ವಾಂತಿ ತಡೆಯೋ ಮಾತ್ರೆಯನ್ನು ತಲೆಸುತ್ತು ಶುರುವಾಗೋ ಮುಂಚೆ ತಗೊಂಡ್ರೇ ಪ್ರಯೋಜನ. ಅಪ್ಪನಿಗೆ ಯಾವುದು ಆಗಿಬರುತ್ತೆ ಅಂತ ಡಾಕ್ಟರನ್ನು ಕೇಳಿ. ಒಳಕಿವಿ "ಅಲ್ಲಾಡ್ತಿದೀವಿ" ಅಂದ್ರೆ ಕೋಣೆಯ ಗೋಡೆ ನೋಡ್ತಿರೋ ಕಣ್ಣು "ಇಲ್ಲ" ಅನ್ನುತ್ತೆ, ಆ ಜಗಳವೇ ತಲೆಸುತ್ತು. ಡೆಕ್‌ಗೆ ಬಂದು ದಿಗಂತ ನೋಡಿದ್ರೆ ಎರಡೂ ರಾಜಿ ಆಗ್ತವೆ.

ಮನೆಗೆಲಸ

1. ನಿಮ್ಮ ಮನೆಯ ಎಲ್ಲರ ರಜೆ ಬರೆದು ಛೇದನ ಹುಡುಕಿ. ಖಾಲಿ ಸೆಟ್ ಬಂದ್ರೆ ಯಾರ ರಜೆಯನ್ನು ಸರಿಸಬಹುದು?
2. ಹಡಗು ಸಂಜೆ 5ಕ್ಕೆ ಹೊರಡುತ್ತೆ, ಎಲ್ಲರೂ ಹತ್ತಿರಬೇಕಾದ ಸಮಯ 4. ಗೋವಾದ ಬೀಚ್‌ನಿಂದ ಬಂದರಿಗೆ ಒಂದು ಗಂಟೆ ದಾರಿ, ಟ್ರಾಫಿಕ್ ಅನಿಶ್ಚಿತ. ಎಷ್ಟಕ್ಕೆ ಹೊರಡ್ತೀರಿ? (2:55 ಅನ್ನೋ ಉತ್ತರಕ್ಕೆ ಅಂಕ ಇಲ್ಲ.)
3. ಈ ಪ್ರವಾಸದಲ್ಲಿ ಅಪ್ಪನಿಗೆ ಏನು ನೋಡಬೇಕು, ಅಮ್ಮನಿಗೆ ಏನು ಮಾಡಬೇಕು ಅಂತ ಇದೆ? ಊಹಿಸಿ ಬರೆಯಬೇಡಿ, ಫೋನ್ ಮಾಡಿ ಕೇಳಿ. ಮೇಲಿನ ಎಲ್ಲ ಹಂತಗಳೂ ಈ ಉತ್ತರಕ್ಕೆ ತಕ್ಕಂತೆ ಬದಲಾಗ್ತವೆ.