ಬೇಲಿಯೇ ಹೊಲವನ್ನು ಮೇಯ್ದಾಗ: ಗಡ್ಡೆಯ ನಂಟಿನ ಮೆದುಳಿನ ಉರಿಯೂತ

ನಮ್ಮ ಶರೀರಕ್ಕೆ ಪ್ರಕೃತಿಯು ಕಟ್ಟಿಕೊಟ್ಟ ಬೇಲಿಯೆಂದರೆ ರೋಗನಿರೋಧಕ ವ್ಯವಸ್ಥೆ. ಹೊರಗಿನಿಂದ ನುಗ್ಗುವ ರೋಗಾಣುಗಳನ್ನು ಗುರುತಿಸಿ, ಅವುಗಳ ವಿರುದ್ಧ ಪ್ರತಿಕಾಯಗಳೆಂಬ ಅಸ್ತ್ರಗಳನ್ನು ಸಿದ್ಧಪಡಿಸುವುದು ಅದರ ಧರ್ಮ. ಆದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ, ಈ ವ್ಯವಸ್ಥೆಯು ತಾನು ಕಾಯಬೇಕಾದ ಮೆದುಳಿನ ಮೇಲೆಯೇ ಎರಗುವುದುಂಟು. ಇದನ್ನು ವೈದ್ಯಶಾಸ್ತ್ರವು ಸ್ವಯಂನಿರೋಧಕ ಮೆದುಳಿನ ಉರಿಯೂತವೆಂದು ಕರೆಯುತ್ತದೆ. ಕೆಲವು ರೋಗಿಗಳಲ್ಲಿ ಈ ಅನರ್ಥಕ್ಕೆ ಮೂಲವು ಮೆದುಳಿನಲ್ಲಿರದೆ, ಶರೀರದ ಬೇರೊಂದೆಡೆ ಅಡಗಿರುವ ಗಡ್ಡೆಯಾಗಿರುತ್ತದೆ.

ಈ ನಂಟನ್ನು 1968ರಲ್ಲಿ ಇಂಗ್ಲೆಂಡಿನ ಕಾರ್ಸೆಲಿಸ್ ಮತ್ತು ಸಹೋದ್ಯೋಗಿಗಳು ಸ್ಪಷ್ಟವಾಗಿ ಮಂಡಿಸಿದರು. ಅರ್ಬುದ ರೋಗಿಗಳಲ್ಲಿ, ನೆನಪು ಮತ್ತು ಭಾವನೆಗಳಿಗೆ ಆಶ್ರಯವಾದ ಲಿಂಬಿಕ್ ಭಾಗವು ಉರಿಯೂತಕ್ಕೆ ಒಳಗಾಗಿದ್ದುದನ್ನು ಅವರು ವಿವರಿಸಿದರು. 1985ರಲ್ಲಿ ಗ್ರಾಸ್, ಪೋಸ್ನರ್ ಮೊದಲಾದವರು, ಒಂದು ಬಗೆಯ ಶ್ವಾಸಕೋಶದ ಅರ್ಬುದದೊಡನೆ ನರಗಳ ತೊಂದರೆಯೂ ಇದ್ದವರ ರಕ್ತದಲ್ಲಿ ನರಕೋಶಗಳ ವಿರುದ್ಧವೇ ಹುಟ್ಟಿದ ಪ್ರತಿಕಾಯವನ್ನು ಗುರುತಿಸಿದರು. ಅದಕ್ಕೆ ‘ಹು’ ಪ್ರತಿಕಾಯವೆಂದು ಹೆಸರಾಯಿತು.

2007ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಜೋಸೆಪ್ ಡಾಲ್ಮೌ ಮತ್ತು ಸಂಗಡಿಗರು 12 ಮಹಿಳೆಯರ ರೋಗವನ್ನು ವರ್ಣಿಸಿದರು. ಅವರೆಲ್ಲರಲ್ಲೂ ಟೆರಟೋಮ ಎಂಬ ಗಡ್ಡೆಯಿತ್ತು. ಬಹುತೇಕ ಎಲ್ಲರಿಗೂ ಅದು ಇದ್ದುದು ಅಂಡಾಶಯದಲ್ಲಿ. ಈ ಗಡ್ಡೆ ಬಹುಪಾಲು ಅಪಾಯಕಾರಿ ಅರ್ಬುದವಲ್ಲ. ಆದರೆ ಅದರೊಳಗೆ ಕೂದಲು, ಹಲ್ಲುಗಳಂತೆಯೇ ನರಕೋಶಗಳ ಅಂಗಾಂಶವೂ ಬೆಳೆದಿರಬಹುದು. ಅದನ್ನು ಪರಕೀಯವೆಂದು ಭ್ರಮಿಸಿ ಶರೀರವು ಪ್ರತಿಕಾಯಗಳನ್ನು ತಯಾರಿಸುತ್ತದೆ. ಅವು ಮೆದುಳನ್ನು ತಲುಪಿ, ಕಲಿಕೆ ಮತ್ತು ನೆನಪಿಗೆ ಅವಶ್ಯವಾದ ಎನ್‌ಎಂಡಿಎ ಗ್ರಾಹಕಗಳಿಗೆ ಅಂಟಿಕೊಂಡು, ಅವುಗಳನ್ನು ನರಕೋಶದ ಮೇಲ್ಮೈಯಿಂದ ಕಡಿಮೆ ಮಾಡುತ್ತವೆ.

ಇಲ್ಲೊಂದು ಮುಖ್ಯ ವ್ಯತ್ಯಾಸವನ್ನು ಗಮನಿಸಬೇಕು. ‘ಹು’ ಪ್ರತಿಕಾಯವಿರುವ ರೋಗದಲ್ಲಿ ರಕ್ಷಕ ಕೋಶಗಳು ನರಕೋಶವನ್ನೇ ಕೊಲ್ಲುವುದರಿಂದ, ಕಳೆದುಕೊಂಡದ್ದು ಮರಳುವುದು ಕಷ್ಟ. ಎನ್‌ಎಂಡಿಎ ರೋಗದಲ್ಲಿಯಾದರೋ ನರಕೋಶಗಳು ಬಹುಮಟ್ಟಿಗೆ ಉಳಿದಿರುತ್ತವೆ. ಪ್ರತಿಕಾಯಗಳು ಇಳಿದಂತೆ ಗ್ರಾಹಕಗಳು ಮತ್ತೆ ಮೂಡುತ್ತವೆ. ರೋಗಿಯು ಎಚ್ಚರ ತಪ್ಪಿ ಮಲಗಿದ್ದರೂ ಆಶೆಗೆ ಎಡೆಯಿರುವುದು ಈ ಕಾರಣದಿಂದಲೇ.

ರೋಗದ ಆರಂಭವು ಮೋಸಗೊಳಿಸುವಂಥದು. ಮೊದಲು ಜ್ವರ, ತಲೆನೋವು ಬಂದುಹೋಗಬಹುದು. ಕೆಲವೇ ದಿನಗಳಲ್ಲಿ ನಿದ್ರಾಹೀನತೆ, ಕಾರಣವಿಲ್ಲದ ಭಯ, ಸಂಶಯ, ಇಲ್ಲದುದನ್ನು ಕಾಣುವುದು, ಕೇಳುವುದು ತೊಡಗುತ್ತದೆ. ಅನಂತರ ಅಪಸ್ಮಾರ, ಬಾಯಿ ಮತ್ತು ಮುಖದ ವಿಚಿತ್ರ ಚಲನೆ, ಮಾತು ಕುಗ್ಗುವುದು, ಉಸಿರಾಟದ ಏರುಪೇರು ಕಾಣಿಸಿಕೊಳ್ಳಬಹುದು. ಹೆಚ್ಚಾಗಿ ತರುಣಿಯರನ್ನು ಕಾಡುವ ಈ ರೋಗವು ಮಕ್ಕಳನ್ನೂ ಪುರುಷರನ್ನೂ ಬಿಟ್ಟಿಲ್ಲ. ಮೆದುಳಿನ ಎಂಆರ್‌ಐ ಚಿತ್ರವು ಸಹಜವಾಗಿಯೇ ಕಾಣಬಹುದಾದ್ದರಿಂದ, ಬೆನ್ನುಹುರಿಯ ದ್ರವದಲ್ಲಿ ಪ್ರತಿಕಾಯವನ್ನು ಹುಡುಕುವ ಪರೀಕ್ಷೆಯೇ ನಿರ್ಣಾಯಕ. ಜೊತೆಗೆ ಗಡ್ಡೆಯನ್ನೂ ಶೋಧಿಸಬೇಕು, ಇದ್ದರೆ ತೆಗೆಯಬೇಕು. ಪ್ರತಿಕಾಯಗಳ ಶಮನಕ್ಕೆ ಸ್ಟಿರಾಯ್ಡ್, ಇಮ್ಯುನೊಗ್ಲೋಬ್ಯುಲಿನ್, ಪ್ಲಾಸ್ಮಾ ಶುದ್ಧೀಕರಣ, ಅಗತ್ಯವಿದ್ದರೆ ರಿಟುಕ್ಸಿಮ್ಯಾಬ್ ಮುಂತಾದ ಚಿಕಿತ್ಸೆಗಳಿವೆ.

2013ರಲ್ಲಿ ಪ್ರಕಟವಾದ 577 ರೋಗಿಗಳ ಅಧ್ಯಯನದಲ್ಲಿ ಶೇಕಡ 38ರಷ್ಟು ಮಂದಿಗೆ ಗಡ್ಡೆಯಿತ್ತು. ಎಂದರೆ ಗಡ್ಡೆ ಕಾಣದ ಮಾತ್ರಕ್ಕೆ ರೋಗವಿಲ್ಲವೆನ್ನಲಾಗದು. ಎರಡು ವರ್ಷಗಳ ಕಾಲ ಗಮನಿಸಲಾದವರಲ್ಲಿ ಶೇಕಡ 81ರಷ್ಟು ಮಂದಿ ಚೆನ್ನಾಗಿ ಚೇತರಿಸಿಕೊಂಡಿದ್ದರು. ಬೇಗ ಚಿಕಿತ್ಸೆ ದೊರೆತವರಿಗೆ ಫಲವೂ ಹೆಚ್ಚು. ಚೇತರಿಕೆಗೆ ತಿಂಗಳುಗಳೇ ಹಿಡಿಯುವುದರಿಂದ ಮನೆಯವರಿಗೆ ತಾಳ್ಮೆ ಬೇಕು.

ಸುವರ್ಣ ಮಹೋತ್ಸವದ ಈ ಸಂಚಿಕೆಯನ್ನು ಓದುತ್ತಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ತಂದೆತಾಯಿಯರು, ಅಜ್ಜಅಜ್ಜಿಯರು. ಮನೋವ್ಯಾಧಿಗಳೆಲ್ಲವೂ ಈ ರೋಗವಲ್ಲ, ಇದು ವಿರಳವಾದುದೇ. ಆದರೂ ನಿನ್ನೆಯವರೆಗೆ ನೆಟ್ಟಗಿದ್ದ ಮಗಳು ಕೆಲವೇ ದಿನಗಳಲ್ಲಿ ಬೇರೆಯವಳಾದಂತೆ ಕಂಡರೆ, ಗಾಳಿ ಸೋಂಕಿತೆಂದೋ ಹಟವೆಂದೋ ಭಾವಿಸಿ ದಿನ ಕಳೆಯಬಾರದು. ಹರಕೆಯು ಅವರವರ ನಂಬಿಕೆಗೆ ಬಿಟ್ಟದ್ದು. ಅದಕ್ಕಾಗಿ ನರರೋಗ ತಜ್ಞರ ಭೇಟಿಯನ್ನು ಮುಂದೂಡಲಾಗದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಈ ರೋಗದ ಪರೀಕ್ಷೆ, ಚಿಕಿತ್ಸೆಗಳು ನಡೆಯುತ್ತಿವೆ.

ವೈದ್ಯರ ಭಾಷೆ ಮಲಯಾಳ, ರೋಗಿಯ ಭಾಷೆ ಕನ್ನಡವಾಗಿರುವ ಕಾಸರಗೋಡಿನಂತಹ ನಾಡಿನಲ್ಲಿ ಇನ್ನೊಂದು ಹೊಣೆಯೂ ನಮ್ಮದು. ಮಾತು ತೊದಲಿತೇ, ಕುಗ್ಗಿತೇ, ಅರ್ಥ ಕೆಟ್ಟಿತೇ ಎಂಬುದನ್ನು ಆ ಮಾತು ಬಲ್ಲವರೇ ತಿಳಿಸಬೇಕು. ಬದಲಾವಣೆ ತೊಡಗಿದ ದಿನ, ಅದಕ್ಕೆ ಮುನ್ನ ಬಂದ ಜ್ವರ, ಕಂಡ ಸೆಳೆತ, ಮಾತಿನಲ್ಲಾದ ವ್ಯತ್ಯಾಸ, ಇವಿಷ್ಟನ್ನು ದಿನಾಂಕ ಸಹಿತ ಬರೆದೊಯ್ದು ವೈದ್ಯರಿಗೆ ವಿವರಿಸಿದರೆ, ರೋಗನಿರ್ಣಯಕ್ಕೆ ಅದೇ ದೊಡ್ಡ ನೆರವು.