ಗ್ರಾಮ ಪ್ರವಾಸೋದ್ಯಮ: ಹಳ್ಳಿಯಲ್ಲಿ ಉಳಿಯುವ ಹಣದ ಲೆಕ್ಕ

ಪ್ರವಾಸಿಗರು ಬಂದರೆ ಹಳ್ಳಿಗೆ ಆದಾಯ ಬರುತ್ತದೆ ಎಂಬುದು ಸಾಮಾನ್ಯ ನಂಬಿಕೆ. ವಾಣಿಜ್ಯದ ದೃಷ್ಟಿಯಿಂದ ನೋಡಿದರೆ ಇದು ಅರ್ಧಸತ್ಯ. ವಹಿವಾಟಿನ ಮೊತ್ತವೆಲ್ಲ ಹೇಗೆ ಲಾಭವಲ್ಲವೋ ಹಾಗೆಯೇ ಪ್ರವಾಸಿ ಮಾಡಿದ ವೆಚ್ಚವೆಲ್ಲ ಊರಿನ ಆದಾಯವಲ್ಲ. ತರಕಾರಿ ನಗರದ ಮಂಡಿಯಿಂದ, ಅಡುಗೆಯವರು ಬೇರೆ ಊರಿನಿಂದ, ಅತಿಥಿಗಳು ದಲ್ಲಾಳಿಯ ಮೂಲಕ ಬರುವುದಾದರೆ ಹಣವು ಬಂದ ದಾರಿಯಲ್ಲಿಯೇ ಹಿಂದಿರುಗುತ್ತದೆ. ಅರ್ಥಶಾಸ್ತ್ರದಲ್ಲಿ ಇದನ್ನು 'ಸೋರಿಕೆ' ಎನ್ನುತ್ತಾರೆ. ಗ್ರಾಮ ಪ್ರವಾಸೋದ್ಯಮದ ಯಶಸ್ಸನ್ನು ಅತಿಥಿಗಳ ಸಂಖ್ಯೆಯಿಂದಲ್ಲ, ಈ ಸೋರಿಕೆಯ ಪ್ರಮಾಣದಿಂದ ಅಳೆಯಬೇಕು.

ಸೋರಿಕೆಯ ಲೆಕ್ಕ

ತಿಳಿವಳಿಕೆಗಾಗಿ ಒಂದು ಕಾಲ್ಪನಿಕ ಲೆಕ್ಕವನ್ನು ನೋಡಬಹುದು. ಒಂದು ಹೋಂ ಸ್ಟೇಯಲ್ಲಿ ಅತಿಥಿ ಕುಟುಂಬವು ದಿನಕ್ಕೆ 3,000 ರೂ. ಪಾವತಿಸುತ್ತದೆ. ಇದರಲ್ಲಿ ಬುಕಿಂಗ್ ಕಮಿಷನ್ 600 ರೂ., ಹೊರಗಿನಿಂದ ತಂದ ದಿನಸಿ ಮತ್ತು ತರಕಾರಿಗೆ 900 ರೂ., ಹೊರಗಿನವರಿಗೆ ಕೊಡುವ ಕೂಲಿ ಮತ್ತು ಬಟ್ಟೆ ಒಗೆಸುವ ವೆಚ್ಚ 400 ರೂ. ಎಂದಾದರೆ, ಊರಿನಲ್ಲಿ ಉಳಿಯುವುದು 1,100 ರೂ. ಮಾತ್ರ. ದಿನಸಿಯಲ್ಲಿ 700 ರೂ. ಮೌಲ್ಯದ್ದನ್ನು ಊರಿನ ರೈತರಿಂದಲೇ ಕೊಂಡು, ಕೂಲಿಯನ್ನು ಊರಿನವರಿಗೇ ಕೊಟ್ಟರೆ ಈ ಮೊತ್ತ 2,200 ರೂ.ಗೆ ಏರುತ್ತದೆ. ಅತಿಥಿ ಒಂದು ಪೈಸೆಯನ್ನೂ ಹೆಚ್ಚು ಕೊಟ್ಟಿಲ್ಲ. ಆದರೂ ಊರಿನ ಪಾಲು ಇಮ್ಮಡಿಯಾಗಿದೆ.

ಕುಮರಕಂನ ಅನುಭವ

ಈ ತತ್ತ್ವವು ಕಾರ್ಯರೂಪಕ್ಕೆ ಬಂದ ಉತ್ತಮ ನಿದರ್ಶನ ಕೇರಳದ ಕೊಟ್ಟಾಯಂ ಜಿಲ್ಲೆಯ ಕುಮರಕಂ. ವೇಂಬನಾಡ್ ಸರೋವರದ ದಡದ ಈ ಗ್ರಾಮದಲ್ಲಿ 1990ರ ದಶಕದಿಂದೀಚೆಗೆ ರೆಸಾರ್ಟ್‌ಗಳು ತಲೆಯೆತ್ತಿದವು. ಆದರೆ ರೈತರಿಗೂ ಮೀನುಗಾರರಿಗೂ ಅದರ ಫಲ ಸಾಕಷ್ಟು ದೊರೆಯದೆ ಅಸಮಾಧಾನ ಬೆಳೆಯಿತು. ಕೇರಳ ಸರ್ಕಾರವು 2007ರಲ್ಲಿ ಕುಮರಕಂ, ವಯನಾಡ್, ತೇಕ್ಕಡಿ ಮತ್ತು ಕೋವಳಂಗಳಲ್ಲಿ ಜವಾಬ್ದಾರಿಯುತ ಪ್ರವಾಸೋದ್ಯಮ ಯೋಜನೆಯನ್ನು ಆರಂಭಿಸಿತು.

ಕುಮರಕಂನಲ್ಲಿ ಮೊದಲು ಕೈಹಾಕಿದ್ದು ಹೋಟೆಲುಗಳ ಖರೀದಿ ಪಟ್ಟಿಗೆ. 2008ರಿಂದ ಪಂಚಾಯತಿಯ ಸಹಕಾರದೊಂದಿಗೆ 'ಕುಟುಂಬಶ್ರೀ' ಮಹಿಳಾ ಗುಂಪುಗಳು ಪಾಳುಬಿದ್ದ ಜಮೀನಿನಲ್ಲಿಯೂ ತರಕಾರಿ ಬೆಳೆದು ಹೋಟೆಲುಗಳಿಗೆ ಪೂರೈಸತೊಡಗಿದವು. ಹೋಟೆಲಿನವರಿಗೆ ಬೇಕಾದದ್ದು ನಿಗದಿತ ಪ್ರಮಾಣ, ಸಮಾನ ಗುಣಮಟ್ಟ ಮತ್ತು ತಪ್ಪದ ಪೂರೈಕೆ. ಬೆಳೆಗಾರರಿಗೆ ಬೇಕಾದದ್ದು ಖಚಿತವಾದ ಬೆಲೆ. ಎರಡನ್ನೂ ಹೊಂದಿಸಲು ಬೆಲೆ ಹಾಗೂ ಗುಣಮಟ್ಟದ ಸಮಿತಿಗಳು ರಚನೆಯಾದವು. ಸಂಗ್ರಹಣೆ ಮತ್ತು ವಿತರಣೆಯನ್ನು 'ಸಮೃದ್ಧಿ' ಎಂಬ ಗುಂಪು ವಹಿಸಿಕೊಂಡಿತು. ತೆಂಗಿನ ನಾರು ಹೊಸೆಯುವುದು, ಚಾಪೆ ಹೆಣೆಯುವುದು ಮುಂತಾದ ಕಸುಬುಗಳನ್ನು ತೋರಿಸುವ ಗ್ರಾಮೀಣ ಪ್ರವಾಸವೂ ಆದಾಯದ ಮೂಲವಾಯಿತು. ಈ ಯೋಜನೆಗಾಗಿ ಕೇರಳ ಪ್ರವಾಸೋದ್ಯಮ ಇಲಾಖೆಗೆ 2014ರಲ್ಲಿ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆಯ ಯುಲಿಸಿಸ್ ಪ್ರಶಸ್ತಿ ದೊರೆಯಿತು.

ಕರ್ನಾಟಕದಲ್ಲಿಯೂ ಇಂತಹ ಪ್ರಯತ್ನಗಳಿವೆ. ಹಂಪಿಯ ಎದುರು ದಡದ ಆನೆಗುಂದಿಯಲ್ಲಿ 1997ರಲ್ಲಿ ಸ್ಥಾಪನೆಯಾದ ಕಿಷ್ಕಿಂಧಾ ಟ್ರಸ್ಟ್, ಬಾಳೆಯ ನಾರಿನಿಂದ ಚೀಲ, ಬುಟ್ಟಿ ಮೊದಲಾದ ವಸ್ತುಗಳನ್ನು ತಯಾರಿಸುವ ತರಬೇತಿಯನ್ನು ಮಹಿಳೆಯರಿಗೆ ನೀಡಿತು. ಗೊನೆ ಕಡಿದ ಮೇಲೆ ತ್ಯಾಜ್ಯವಾಗುವ ಬಾಳೆದಿಂಡೇ ಇಲ್ಲಿ ಕಚ್ಚಾವಸ್ತು. ಊರಿನಲ್ಲಿ ತಂಗದ ಪ್ರವಾಸಿಯೂ ಊರಿಗೆ ಹಣ ಬಿಟ್ಟುಹೋಗಲು ಇದು ದಾರಿ.

ತೆರಿಗೆಯ ಅಂಶಗಳು

ಸ್ಥಳೀಯವಾಗಿ ಕೊಂಡರೆ ತೆರಿಗೆಯಲ್ಲಿ ನಷ್ಟವಾಗುತ್ತದೆ ಎಂಬ ಅಳುಕು ಅನೇಕ ಹೋಟೆಲು ಮಾಲೀಕರಲ್ಲಿದೆ. 2025ರ ಸೆಪ್ಟೆಂಬರ್ 22ರಿಂದ ದಿನವೊಂದಕ್ಕೆ 7,500 ರೂ.ವರೆಗಿನ ಕೊಠಡಿಗಳಿಗೆ ಜಿಎಸ್‌ಟಿ ದರ ಶೇ. 5 ಆಗಿದ್ದು, ಇನ್‌ಪುಟ್ ತೆರಿಗೆ ಕ್ರೆಡಿಟ್ ದೊರೆಯುವುದಿಲ್ಲ. ಕ್ರೆಡಿಟ್ಟೇ ಇಲ್ಲದಿರುವಾಗ ನೋಂದಾಯಿತ ವ್ಯಾಪಾರಿಯಿಂದಲೇ ಕೊಳ್ಳಬೇಕೆಂಬ ಕಾರಣವೂ ಉಳಿಯುವುದಿಲ್ಲ. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ. ಸೇವೆ ಒದಗಿಸುವವರ ವಾರ್ಷಿಕ ವಹಿವಾಟು 20 ಲಕ್ಷ ರೂ. ಮೀರದಿದ್ದರೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ಆದರೆ ತೋಟದೊಳಗಿನ ಹೋಂ ಸ್ಟೇಯ ವರಮಾನವನ್ನು ಕೃಷಿ ಆದಾಯವೆಂದು ತೋರಿಸುವುದು ಸರಿಯಲ್ಲ. ಅದಕ್ಕೆ ಪ್ರತ್ಯೇಕ ಲೆಕ್ಕಪುಸ್ತಕ ಇಡುವುದು ಕ್ಷೇಮ.

ಸಕಾಲದ ಪಾವತಿ

ಸಣ್ಣ ಪೂರೈಕೆದಾರರನ್ನು ಮುಳುಗಿಸುವುದು ಕಡಿಮೆ ಬೆಲೆಗಿಂತ ಹೆಚ್ಚಾಗಿ ಬಾಕಿ ಹಣ. ಕೆಲವೇ ಸಾವಿರ ರೂಪಾಯಿಗಳ ದುಡಿಯುವ ಬಂಡವಾಳವಿರುವ ಸ್ವಸಹಾಯ ಗುಂಪು ಮೂರು ತಿಂಗಳ ಸಾಲವನ್ನು ತಾಳಲಾರದು. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ, ನೋಂದಾಯಿತ ಕಿರು ಮತ್ತು ಸಣ್ಣ ಉದ್ಯಮಗಳಿಗೆ ಲಿಖಿತ ಒಪ್ಪಂದವಿದ್ದರೆ ಗರಿಷ್ಠ 45 ದಿನಗಳೊಳಗೆ, ಇಲ್ಲದಿದ್ದರೆ 15 ದಿನಗಳೊಳಗೆ ಹಣ ಸಲ್ಲಬೇಕು. 2023ರ ಹಣಕಾಸು ಕಾಯ್ದೆಯ ತಿದ್ದುಪಡಿಯಂತೆ, ಅವಧಿ ಮೀರಿದ ಇಂತಹ ವೆಚ್ಚವನ್ನು ಹಣ ಸಂದಾಯವಾದ ವರ್ಷದಲ್ಲಿ ಮಾತ್ರ ಆದಾಯದಿಂದ ಕಳೆಯಲು ಅವಕಾಶವಿದೆ. ಉಪ್ಪಿನಕಾಯಿ, ಕರಕುಶಲ ವಸ್ತು ಮುಂತಾದವನ್ನು ತಯಾರಿಸುವ ಗುಂಪುಗಳು 'ಉದ್ಯಮ್' ನೋಂದಣಿ ಪಡೆದರೆ ಈ ರಕ್ಷಣೆ ಅವರಿಗೆ ಲಭಿಸುತ್ತದೆ.

ಎಚ್ಚರಿಕೆಯ ಮಾತು

2018ರ ಆಗಸ್ಟ್‌ನ ಭೂಕುಸಿತದ ನಂತರ ಕೊಡಗಿನಲ್ಲಿ, 2020ರ ಲಾಕ್‌ಡೌನ್‌ನಲ್ಲಿ ಎಲ್ಲೆಡೆ ಅತಿಥಿಗಳ ಆಗಮನ ನಿಂತುಹೋಯಿತು. ಕಾಫಿ, ಮೆಣಸು, ಹೈನುಗಾರಿಕೆಗಳನ್ನು ಬಿಡದವರಿಗೆ ಬೇರೊಂದು ಆಸರೆಯಿತ್ತು. ಸಾಲ ಮಾಡಿ ಕೊಠಡಿ ಕಟ್ಟಿಸಿ ಅದನ್ನೇ ನೆಚ್ಚಿದವರಿಗೆ ಕಂತಷ್ಟೇ ಉಳಿಯಿತು. ಆದುದರಿಂದ ಪ್ರವಾಸೋದ್ಯಮವು ಹಳ್ಳಿಗೆ ಉಪಕಸುಬಾಗಿರಬೇಕೇ ಹೊರತು ಮೂಲ ಕಸುಬನ್ನು ನುಂಗಬಾರದು.

ವ್ಯಾಪಾರಿಗಳೂ ಸಣ್ಣ ಉತ್ಪಾದಕರೂ ಈ ಸರಪಳಿಯ ಹೊರಗಿನವರಲ್ಲ. ಹೋಟೆಲು ನಡೆಸುವವರು ತಮ್ಮ ಮಾಸಿಕ ಖರೀದಿ ಪಟ್ಟಿಯಲ್ಲಿ ಸುತ್ತಲಿನ ಹಳ್ಳಿಗಳು ಒದಗಿಸಬಲ್ಲ ಪದಾರ್ಥಗಳನ್ನು ಗುರುತಿಸಬಹುದು. ಸಗಟು ವ್ಯಾಪಾರಿಗಳು ಸಂಗ್ರಹಣೆ ಮತ್ತು ಸಾಗಣೆಯ ಹೊಣೆ ಹೊರಬಹುದು. ಉತ್ಪಾದಕರು ಪ್ಯಾಕಿಂಗ್, ತೂಕ, ಗುಣಮಟ್ಟದ ವಿಷಯದಲ್ಲಿ ಮಹಿಳಾ ಗುಂಪುಗಳಿಗೆ ಮಾರ್ಗದರ್ಶನ ನೀಡಬಹುದು. ಊರಿನಲ್ಲಿ ಉಳಿದ ಹಣ ಅಲ್ಲಿಯೇ ಕುಳಿತಿರುವುದಿಲ್ಲ. ಬಟ್ಟೆ, ಸಿಮೆಂಟು, ಪಂಪ್‌ಸೆಟ್ಟು ಕೊಳ್ಳಲು ಅದು ಮರಳಿ ಪೇಟೆಗೇ ಬರುತ್ತದೆ.